ಎಳ್ಳಮಾಸಿಯ ನಕ್ಷೆ

ಮಾರ್ಗಶಿರದ ಅಮಾವಾಸ್ಯೆಯಂದು ತೀರ್ಥಹಳ್ಳಿಯ ತುಂಗಾ ತೀರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಾಯಿಯನ್ನು ಕೊಂದ ಪಾಪವನ್ನು ಪರಶುರಾಮ ತೊಳೆದುಕೊಂಡದ್ದು ಇಲ್ಲಿಯೇ ಎಂಬ ನಂಬಿಕೆಯಿಂದ ಜನ ಮುಳುಗಿ ಏಳುತ್ತಾರೆ. ಅದರ ಬೆನ್ನಿಗೇ ರಾಮೇಶ್ವರನ ತೇರು, ತೆಪ್ಪೋತ್ಸವ. ಅದೇ ದಿನ ತೆಲಂಗಾಣದೊಳಗಿನ ಕನ್ನಡ ಅಂಚಿನಲ್ಲಿ, ಅಂದರೆ ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಸೀಮೆಯಲ್ಲಿ, ತೇರೂ ಇಲ್ಲ, ತೀರ್ಥವೂ ಇಲ್ಲ, ಮಂತ್ರ ಹೇಳುವವರೂ ಇಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದೇ ಅಲ್ಲಿ ಹಬ್ಬ. ಎರಡು ಕಡೆಯೂ ಹೆಸರು ಎಳ್ಳಮಾವಾಸ್ಯೆಯೇ. ಕಲ್ಯಾಣ ಕರ್ನಾಟಕದ ಬಾಯಲ್ಲಿ ಅದು ಎಳ್ಳಮಾಸಿ. ತಿಥಿ ಒಂದು, ಹೆಸರು ಒಂದು, ಮಾಡುವುದು ಮಾತ್ರ ಪೂರ್ತಿ ಬೇರೆ. ಇಂಥ ವ್ಯತ್ಯಾಸ ಕಂಡಾಗ ‘ಪ್ರಾದೇಶಿಕ ವೈವಿಧ್ಯ’ ಎಂದು ಹೇಳಿ ಮುಂದೆ ಸಾಗುವುದು ನಮ್ಮ ವಾಡಿಕೆ. ಆ ಮಾತು ವ್ಯತ್ಯಾಸಕ್ಕೆ ಹೆಸರು ಕೊಡುತ್ತದೆಯೇ ಹೊರತು ಕಾರಣ ಕೊಡುವುದಿಲ್ಲ. ಕಾರಣ ಹುಡುಕುವವರು ಆ ದಿನ ಹೊಲದಲ್ಲಿ ಏನು ನಿಂತಿದೆ ಎಂಬುದನ್ನು ಮೊದಲು ನೋಡಬೇಕು ಎನ್ನುವುದು ನನ್ನ ವಾದ. ದಿನವನ್ನು ಗೊತ್ತುಮಾಡುವುದು ಪಂಚಾಂಗ. ಆ ದಿನ ಏನು ಮಾಡಬೇಕೆಂದು ಗೊತ್ತುಮಾಡಿದ್ದು ನೆಲ ಮತ್ತು ಬೆಳೆ. ಕೊಡಂಗಲ್ ಸೀಮೆಯ ಎಳ್ಳಮಾಸಿ ಇದಕ್ಕೆ ಒಳ್ಳೆಯ ಸಾಕ್ಷಿ. ಈ ಸೀಮೆ ಎರಡು ಆಡಳಿತ, ಮೂರು ಭಾಷೆ, ಎರಡು ಬಗೆಯ ಮಣ್ಣುಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಯಾವ ಕಾರಣ ಎಷ್ಟು ಗಟ್ಟಿ ಎಂಬುದನ್ನು ಇಲ್ಲಿ ತೂಗಿ ನೋಡಬಹುದು.

ಮೊದಲು ಹಬ್ಬವನ್ನೇ ಹತ್ತಿರದಿಂದ ನೋಡೋಣ. ಹೊಲದಲ್ಲಿ ಜೋಳದ ದಂಟಿನಿಂದ ಸಣ್ಣದೊಂದು ಕೊಂಪಿ ಕಟ್ಟುತ್ತಾರೆ. ಬನ್ನಿ ಗಿಡವಿದ್ದರೆ ಅದರ ಬುಡವೇ ಸಾಕು. ಐದು ಕಲ್ಲು ಆರಿಸಿ, ಸುಣ್ಣ ಬಳಿದು, ಪಾಂಡವರೆಂದು ಕೂರಿಸುತ್ತಾರೆ. ಪೂಜೆ ಮನೆಯವರದ್ದೇ. ನೈವೇದ್ಯಕ್ಕೆ ಸಜ್ಜೆ ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಬಾನ, ಶೇಂಗಾ ಹೋಳಿಗೆ, ಮಜ್ಜಿಗೆ ಬೆಳ್ಳುಳ್ಳಿ ಬೆರೆಸಿ ಗಡಿಗೆಯಲ್ಲಿ ಹುಳಿ ಬಂದ ಜೋಳದ ಅಂಬಲಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಭಜ್ಜಿ. ಇದು ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ವಟಾಣಿ, ಶೇಂಗಾ, ಮೆಂತ್ಯೆ, ಪಾಲಕ, ಸಬ್ಬಸಿಗೆ, ಬದನೆ, ಗಜ್ಜರಿ ಹೀಗೆ ಆ ಹೊತ್ತಿಗೆ ಹೊಲದಲ್ಲೂ ಹಿತ್ತಿಲಲ್ಲೂ ಇರುವುದೆಲ್ಲವನ್ನೂ ಹುಣಸೆ ಹುಳಿಯಲ್ಲಿ ಬೇಯಿಸಿ, ಕಡಲೆ ಹಿಟ್ಟು ಕಲಸಿ ಗಟ್ಟಿಮಾಡಿದ ಪಲ್ಯ. ಪೂಜೆಯಾದ ಮೇಲೆ ಈ ಎಲ್ಲವನ್ನೂ ಒಂದಿಷ್ಟು ಬೆರೆಸಿ, ಒಬ್ಬ ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾನೆ, ಇನ್ನೊಬ್ಬ ಹಿಂದಿನಿಂದ ನೀರು ಚಿಮುಕಿಸುತ್ತ ‘ಓಲಗ್ಯಾ’ ಎಂದು ಮೊದಲಾಗುವ ಕೂಗು ಹಾಕುತ್ತಾನೆ. ಇದೇ ಚರಗ ಚೆಲ್ಲುವುದು. ಚರಗ ಮುಗಿದ ಮೇಲೆ ಊಟ. ಹೊಲವಿಲ್ಲದವರನ್ನು, ಬೇರೆ ಜಾತಿಯವರನ್ನು, ಮುಸಲ್ಮಾನ ನೆರೆಯವರನ್ನು ಊಟಕ್ಕೆ ಕರೆಯುವುದು ಬೀದರ್ ಕಲಬುರಗಿ ಕಡೆ ಹಳೆಯ ರೂಢಿ. ಭೂಮಿ ಈಗ ಬಸುರಿ, ಅವಳ ಬಯಕೆ ತೀರಿಸುತ್ತಿದ್ದೇವೆ ಎಂಬುದು ರೈತರೇ ಕೊಡುವ ಅರ್ಥ.

ಈ ಅರ್ಥವನ್ನು ಬರೀ ಕಾವ್ಯವೆಂದು ತಳ್ಳಿಹಾಕುವಂತಿಲ್ಲ, ಅದು ಬೆಳೆಯ ಲೆಕ್ಕಕ್ಕೂ ಸರಿಹೊಂದುತ್ತದೆ. ಹಿಂಗಾರಿ ಬಿಳಿಜೋಳವನ್ನು ಬಿತ್ತುವುದು ಮಳೆಗಾಲದ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಆಮೇಲೆ ಅದಕ್ಕೆ ಮಳೆ ಸಿಗುವುದು ಅಪರೂಪ. ಎರಿ ಎನ್ನುವ ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ರಾತ್ರಿಯ ಇಬ್ಬನಿ, ಇಷ್ಟರಲ್ಲೇ ಬೆಳೆ ಬರಬೇಕು. ಡಿಸೆಂಬರ್ ನಡುವಿನಿಂದ ಜನವರಿ ಮೊದಲ ವಾರಗಳ ತನಕ ಅದು ಹೊಡೆಗಟ್ಟಿ, ತೆನೆ ಹಿರಿದು, ಕಾಳಿಗೆ ಹಾಲು ತುಂಬಿಕೊಳ್ಳುವ ಕಾಲ. ಕೊಯ್ಲು ಫೆಬ್ರುವರಿ ಮಾರ್ಚಿಗೆ. ಆದ್ದರಿಂದ ಎಳ್ಳಮಾಸಿಯಂದು ಹೊಲದಲ್ಲಿ ಇರುವುದು ನಿಜಕ್ಕೂ ಬಸುರಿ ಬೆಳೆಯೇ. ಇದು ಸುಗ್ಗಿಯ ಹಬ್ಬವಲ್ಲ, ಸೀಮಂತದ ಹಬ್ಬ. ಭಜ್ಜಿಯ ಪಾತ್ರೆಯಲ್ಲಿ ಬೀಳುವ ಕಾಳುಗಳನ್ನು ನೋಡಿದರೂ ಇದೇ ತಿಳಿಯುತ್ತದೆ: ಜೋಳದ ನಡುವೆ ಅಕ್ಕಡಿ ಹಾಕುವ, ಇಲ್ಲವೇ ಪಕ್ಕದ ತುಂಡಿನಲ್ಲಿ ಬೆಳೆಯುವ, ಆ ವಾರ ಇನ್ನೂ ಹಸಿಯಾಗಿರುವ ಕಾಳುಗಳು ಅವು. ಯಾವ ದಾಖಲೆಯೂ ಇಲ್ಲದ ಊರಿನಲ್ಲಿ ಯಾವ ಬೆಳೆಗಳನ್ನು ಕೂಡಿಸಿ ಬೆಳೆಯುತ್ತಿದ್ದರು ಎಂದು ತಿಳಿಯಬೇಕಾದರೆ ಅಲ್ಲಿಯ ಭಜ್ಜಿಗೆ ಏನೇನು ಹಾಕುತ್ತಾರೆ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆಯೇ.

ಬೆಳೆಯೇ ಕಾರಣವಾಗಿದ್ದರೆ, ಬೆಳೆ ಬದಲಾದಲ್ಲಿ ಹಬ್ಬದ ತಿಥಿಯೂ ಬದಲಾಗಬೇಕು. ಬದಲಾಗುತ್ತದೆ ಕೂಡ. ಭೂಮಿಗೆ ಬಯಕೆಯೂಟ ಬಡಿಸುವ ಕಲ್ಪನೆ ಕರ್ನಾಟಕದಲ್ಲಿ ಬೇರೆ ಕಡೆಯೂ ಇದೆ, ದಿನ ಮಾತ್ರ ಬೇರೆ. ಸಾಗರ ಸೊರಬದ ಮಲೆನಾಡಿನಲ್ಲಿ ಇದು ಆಶ್ವೀಜದ ಹುಣ್ಣಿಮೆಯಂದು ಬರುವ ಭೂಮಿ ಹುಣ್ಣಿಮೆ. ಆಗ ಗದ್ದೆಯಲ್ಲಿ ಮಳೆಗಾಲದ ಭತ್ತ ಹೊಡೆಯಾಗಿರುತ್ತದೆ. ಹೆಂಗಸರು ಚಿತ್ತಾರ ಬರೆದ ಬುಟ್ಟಿಯಲ್ಲಿ, ನಾನಾ ಸೊಪ್ಪು ಬೇಯಿಸಿದ ಅಂಬಲಿಯನ್ನು ಬೆಳಗಿನ ಜಾವ ಗದ್ದೆಗೆ ಬೀರುತ್ತಾರೆ. ಧಾರವಾಡ, ಹಾವೇರಿ, ಗದಗದ ಕಡೆ ಅದೇ ಹುಣ್ಣಿಮೆ ಶೀಗಿ ಹುಣ್ಣಿಮೆ. ಅಲ್ಲಿಯೂ ಚರಗ ಚೆಲ್ಲುವುದುಂಟು, ಏಕೆಂದರೆ ಮುಂಗಾರಿ ಬೆಳೆ ಅಷ್ಟರಲ್ಲಿ ತೆನೆಗೆ ಬಂದಿರುತ್ತದೆ. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಬೀದರ್, ತಾಂಡೂರಿನ ಎರಿ ಹೊಲದಲ್ಲಿ ಏನಿರುತ್ತದೆ? ಆಗಷ್ಟೇ ಬಿತ್ತಿದ ಜೋಳದ ಮೊಳಕೆ, ಇಲ್ಲವೇ ಬಿತ್ತಲು ಕಾಯುತ್ತಿರುವ ಬರಿ ಮಣ್ಣು. ಎರಡೂವರೆ ತಿಂಗಳು ಕಳೆದು, ಆ ಜೋಳ ಹೊಡೆಗಟ್ಟಿದಾಗ, ಅದೇ ಸೀಮಂತ ಅಲ್ಲಿ ಎಳ್ಳಮಾಸಿಯಾಗಿ ನಡೆಯುತ್ತದೆ. ಕಲ್ಪನೆ ಒಂದೇ, ಬೆಳೆ ಬೇರೆ, ಆದ್ದರಿಂದ ತಿಥಿ ಬೇರೆ. ತೀರ್ಥಹಳ್ಳಿಯ ಸಂಗತಿ ಇದರ ಇನ್ನೊಂದು ಮಗ್ಗುಲು. ಮಾರ್ಗಶಿರದ ಅಮಾವಾಸ್ಯೆಗೆ ಅಲ್ಲಿ ಭತ್ತದ ಕೊಯ್ಲು ಆಗಿಹೋಗಿರುತ್ತದೆ, ಬಯಕೆಗೆ ಗದ್ದೆಯಲ್ಲಿ ಬಸುರಿಯೇ ಇಲ್ಲ. ಖಾಲಿ ಉಳಿದ ತಿಥಿಯನ್ನು ನದಿಯೂ ಪುರಾಣವೂ ತುಂಬಿವೆ.

ಹೈದರಾಬಾದ್ ಸಂಸ್ಥಾನದ ಆಡಳಿತಗಾರರಿಗೆ ಈ ಮಣ್ಣಿನ ಗೆರೆ ಚೆನ್ನಾಗಿ ಗೊತ್ತಿತ್ತು. 1909ರಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರಿನ ಹೈದರಾಬಾದ್ ಸಂಪುಟ ಇಡೀ ಸಂಸ್ಥಾನವನ್ನು ಎರಡು ಭಾಗ ಮಾಡಿ ವಿವರಿಸುತ್ತದೆ. ಪಶ್ಚಿಮದ್ದು ಲಾವಾ ಹರಿದು ಆದ ಕರಿ ಬಂಡೆಯ, ಕಪ್ಪು ಮಣ್ಣಿನ, ಗೋಧಿ ಹತ್ತಿಯ ನಾಡು; ಪೂರ್ವದ ತೆಲಂಗಾಣ ಬೆಣಚು ಬಂಡೆಯ, ಮರಳುಗೆಂಪು ಮಣ್ಣಿನ, ಕೆರೆ ಭತ್ತದ ನಾಡು. ಭತ್ತದ ಎರಡು ಹಂಗಾಮುಗಳಿಗೆ ಕಂದಾಯದ ಕಡತದಲ್ಲಿ ಆಬಿ, ತಾಬಿ ಎಂದು ಪ್ರತ್ಯೇಕ ಹೆಸರೇ ಇತ್ತು. ಎರಡೂ ನೆಲ ಕೂಡುವ ಅಂಚು ಹಾದುಹೋಗುವುದು ಸರಿಸುಮಾರು ಇದೇ ಸೀಮೆಯಲ್ಲಿ. ಜಹೀರಾಬಾದಿನಲ್ಲಿ ಕರಿ ಬಂಡೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆ. ತಾಂಡೂರಿನಲ್ಲಿ ಮನೆಮನೆಯ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಪದರ, ಶಹಾಬಾದ್ ಕಲ್ಲಿನ ಬಂಧು. ಕೊಡಂಗಲ್ಲಿನಲ್ಲಿ ಕಪ್ಪು ಎರಿಯೂ ಕೆಂಪು ಮಸಾರಿಯೂ ಒಂದರ ಪಕ್ಕ ಒಂದು. ಅನಂತಗಿರಿ ಗುಡ್ಡದಲ್ಲಿ ಹುಟ್ಟಿ ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ಮುಂದೆ ಮಳಖೇಡದ ಕೋಟೆಯನ್ನು ಸವರಿ ಭೀಮೆಗೆ ಸೇರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟಕ್ಕೂ ಇಂದಿನ ತಾಂಡೂರಿಗೂ ನೀರು ಒಂದೇ, ಹೊಲದ ಮಣ್ಣೂ ಬಹುಮಟ್ಟಿಗೆ ಒಂದೇ.

ಈ ನೆಲದ ಮೇಲೆ 1956ರ ನವೆಂಬರ್ 1ರಂದು ಹೊಸ ಗೆರೆ ಬಿತ್ತು. ರಾಜ್ಯ ಪುನರ್ವಿಂಗಡಣಾ ಆಯೋಗ ಅದರ ಹಿಂದಿನ ವರ್ಷ ಬೀದರ್ ಜಿಲ್ಲೆಯನ್ನು ಇಡಿಯಾಗಿ ಹೈದರಾಬಾದಿನ ಜೊತೆ ಬಿಡಬೇಕೆಂದು ಶಿಫಾರಸು ಮಾಡಿತ್ತು. ಕೊನೆಗೆ ಬಂದ ಕಾಯ್ದೆ ಅದನ್ನು ಮೂರು ಪಾಲು ಮಾಡಿತು. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ, ಉದಗೀರ, ನಿಲಂಗಾ, ಅಹಮದ್‌ಪುರ ಮುಂಬಯಿಗೆ, ಉಳಿದದ್ದು ಮೈಸೂರಿಗೆ. ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮಹಬೂಬನಗರಕ್ಕೂ ತಾಂಡೂರು ಹೈದರಾಬಾದ್ ಜಿಲ್ಲೆಗೂ ಹೋದವು. ಇವೆರಡು ಮತ್ತೆ ಒಂದೇ ಜಿಲ್ಲೆಯಲ್ಲಿ ಕೂಡಿದ್ದು 2016ರ ಅಕ್ಟೋಬರಿನಲ್ಲಿ, ವಿಕಾರಾಬಾದ್ ಜಿಲ್ಲೆಯಾದಾಗ. ಈಗ ಎಳ್ಳಮಾಸಿ ನಡೆಯುವ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿ: ಬೀದರ್, ಕಲಬುರಗಿ, ಯಾದಗಿರಿ, ಈ ಕಡೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಆ ಕಡೆ ಮಹಾರಾಷ್ಟ್ರದ ಲಾತೂರು, ಧಾರಾಶಿವ. ಹಳೆಯ ಬೀದರ್ ಜಿಲ್ಲೆಯ ಮೂರೂ ಪಾಲುಗಳು ಇದರೊಳಗೆ ಬರುತ್ತವೆ.

ಹಾಗಾದರೆ ಇದು ಮಣ್ಣಿನ ಮಾತೇ ಅಲ್ಲ, ನಿಜಾಮನ ಜಿಲ್ಲೆಯ ಗುರುತು, ಒಂದೇ ಆಡಳಿತದಲ್ಲಿ ಇದ್ದವರು ಒಂದೇ ಹಬ್ಬ ಕಲಿತರು ಎಂದು ಯಾರಾದರೂ ಹೇಳಬಹುದು. ಮೇಲುನೋಟಕ್ಕೆ ಇದು ಬಲವಾದ ಆಕ್ಷೇಪ. ಆದರೆ ಎಳ್ಳಮಾಸಿಯ ಚರಗ ಅಷ್ಟೇ ಸಂಭ್ರಮದಿಂದ ನಡೆಯುವ ವಿಜಯಪುರ ನಿಜಾಮನದ್ದಾಗಿರಲಿಲ್ಲ. ಬ್ರಿಟಿಷರ ಮುಂಬಯಿ ಪ್ರಾಂತ್ಯದ್ದು. ಅತ್ತ ಮೆದಕ್‌ನ ಕೆರೆ ಗದ್ದೆಯ ಹಳ್ಳಿಗಳು ಪೂರ್ತಿ ನಿಜಾಮನವೇ ಆದರೂ ಅಲ್ಲಿ ಇದು ಊರ ಹಬ್ಬವಾಗಿ ಬೆಳೆಯಲಿಲ್ಲ. ವಿಜಯಪುರಕ್ಕೂ ಬೀದರಿಗೂ ಇದ್ದ ಸಾಮಾನ್ಯ ಅಂಶ ಆಡಳಿತವಲ್ಲ, ಹಿಂಗಾರಿ ಜೋಳ. ಮೆದಕ್‌ಗೂ ಜಹೀರಾಬಾದಿಗೂ ಒಂದೇ ಆಡಳಿತವಿತ್ತು, ಬೆಳೆ ಬೇರೆಯಿತ್ತು.

ಎರಡನೆಯ ಆಕ್ಷೇಪ ನಮ್ಮವರಿಗೆ ಹೆಚ್ಚು ಪ್ರಿಯವಾದದ್ದು: ಇದು ಕನ್ನಡದ ಹಬ್ಬ, ಕನ್ನಡಿಗರು ಇದ್ದಲ್ಲೆಲ್ಲ ಇದೆ, ಹೀಗಾಗಿ ಇದು ನಮ್ಮ ಹಳೆಯ ಗಡಿಗೆ ಸಾಕ್ಷಿ. ಇದಕ್ಕೆ ಆಧಾರವಿಲ್ಲದಿಲ್ಲ. ಲಾತೂರಿನ ಮರಾಠಿ ರೈತರು ‘ಯೇಳವಸ’ ಎಂದು ಕರೆಯುವ ಈ ಹಬ್ಬದಲ್ಲಿ ಚರಗ ಚೆಲ್ಲುವಾಗ ಹಾಕುವ ಕೂಗಿಗೂ ಬೀದರಿನ ಕೂಗಿಗೂ ಹೆಚ್ಚು ಅಂತರವಿಲ್ಲ. ಆ ಮಾತುಗಳ ಅರ್ಥ ಮರಾಠಿಯಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. ಕೂಗು ಕನ್ನಡದ ಕಡೆಯಿಂದಲೇ ಹೋಗಿರಬೇಕು. ಆದರೆ ಹಬ್ಬ ಹರಡಿದ ಎಲ್ಲೆಯನ್ನು ಭಾಷೆ ವಿವರಿಸುವುದಿಲ್ಲ. ಕನ್ನಡವನ್ನೇ ಆಡುವ ಮೈಸೂರು, ಮಂಡ್ಯಗಳಲ್ಲಿ ಈ ಹೊಲದೂಟವಿಲ್ಲ. ಮನೆಯಲ್ಲಿ ಮರಾಠಿ ಆಡುವ ಔಸಾ, ನಿಲಂಗಾದಲ್ಲಿ ಇದೆ. ಜಹೀರಾಬಾದ್ ಕಡೆ ತೆಲುಗಾಡುವ ಹೆಂಗಸರು ಇದೇ ಹಂಗಾಮಿನಲ್ಲಿ ‘ಶೂನ್ಯಂ ಪಂಡುಗ’ ಮಾಡುತ್ತಾರೆ. ಅಲ್ಲಿಯೂ ಬೆಳೆ ತುಂಬಿದ ಭೂಮಿ ಬಸುರಿಯೇ, ಹೊಲಕ್ಕೇ ನೈವೇದ್ಯ. ಮದುವೆ ಮುಂಜಿಗೆ ಆಗದ ಮಾಸವೆಂದು ಪುರೋಹಿತರು ಶೂನ್ಯ ಎಂದು ಬಿಟ್ಟ ತಿಂಗಳಲ್ಲಿ ರೈತರ ಅತಿ ತುಂಬಿದ ಹಬ್ಬ ಬರುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಎಳ್ಳಮಾಸಿಯನ್ನು ಗಡಿ ವಾದಕ್ಕೆ ಬಳಸುವವರು ಅದರ ಅರ್ಧವನ್ನಷ್ಟೇ ನೋಡುತ್ತಾರೆ.

ಮೂರನೆಯದು ಪುರಾಣದ ಆಕ್ಷೇಪ. ಐದು ಕಲ್ಲು ಪಾಂಡವರಲ್ಲವೇ, ವನವಾಸದ ಕತೆ ಇಲ್ಲವೇ, ಅಂದ ಮೇಲೆ ಮೂಲ ಮಹಾಭಾರತದಲ್ಲೇ ಇರಬೇಕಲ್ಲ? ಆದರೆ ಸುಣ್ಣ ಬಳಿದ ಕಲ್ಲಿಗೆ ಪಾಂಡವರ ಹೆಸರಿಡುವುದು ಈ ಭಾಗದಲ್ಲಿ ಈ ಒಂದೇ ಹಬ್ಬದಲ್ಲಲ್ಲ. ದೀಪಾವಳಿಯಲ್ಲಿ ಸೆಗಣಿಯಿಂದ ಮಾಡುವ ಮೂರ್ತಿಗಳಿಗೂ ಅದೇ ಹೆಸರು. ಹೊಲ ಕಾಯುವ ಶಕ್ತಿಗೆ ಎಲ್ಲರಿಗೂ ಗೊತ್ತಿರುವ ಹೆಸರೊಂದು ಬೇಕಿತ್ತು, ಸಿಕ್ಕಿತು. ಪಾಂಡವರನ್ನು ತೆಗೆದರೂ ಚರಗ ಉಳಿಯುತ್ತದೆ. ಚರಗ ತೆಗೆದರೆ ಉಳಿಯುವುದು ಐದು ಬರಿಗಲ್ಲು. ಈಚೆಗೆ ಪುರಾಣದ ಜಾಗಕ್ಕೆ ವಿಜ್ಞಾನವೂ ಬಂದಿದೆ: ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದವು ಹುಳು ತಿನ್ನುತ್ತವೆ, ಹಿರಿಯರು ಎಷ್ಟು ಜಾಣರು ಎಂಬ ವಿವರಣೆ. ಕೇಳಲು ಚೆಂದ. ಆದರೆ ಜೋಳಕ್ಕೆ ಹಾಲು ತುಂಬುವ ಹೊತ್ತಿನಲ್ಲಿ ರೈತನ ದೊಡ್ಡ ವೈರಿ ಹಕ್ಕಿಯೇ. ಅಟ್ಟ ಕಟ್ಟಿ, ಕವಣೆ ಬೀಸಿ, ಡಬ್ಬ ಬಡಿದು ಹಕ್ಕಿ ಓಡಿಸುವ ದಿನಗಳವು. ಅಂಥ ಹೊತ್ತಿನಲ್ಲಿ ಅವುಗಳನ್ನು ಅನ್ನ ಚೆಲ್ಲಿ ಕರೆಯುವ ರೈತನನ್ನು ಜಾಣನೆನ್ನುವುದು ಕಷ್ಟ. ಚರಗದ ಉದ್ದೇಶ ಕೀಟನಾಶನೆಯಲ್ಲ. ಭೂಮಿಗೆ ಮೊದಲ ತುತ್ತು ಕೊಡುವುದು, ಉಳಿದದ್ದನ್ನು ಹಂಚಿ ಉಣ್ಣುವುದು.

ಇವೆಲ್ಲಕ್ಕಿಂತ ಕಠಿಣವಾದ ಆಕ್ಷೇಪವೊಂದು ಪಂಚಾಂಗದಿಂದಲೇ ಏಳುತ್ತದೆ. ಚಾಂದ್ರಮಾನದ ತಿಥಿ ಬೆಳೆಯ ಜೊತೆ ನಡೆಯುವುದಿಲ್ಲ. ಎಳ್ಳಮಾವಾಸ್ಯೆ 2024ರ ಜನವರಿ 11ಕ್ಕೆ ಬಂತು, ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೆ. ಮೂರು ವಾರಕ್ಕೂ ಮಿಕ್ಕಿ ಹಿಂದೆ ಮುಂದೆ ಆಗುವ ದಿನವನ್ನು ಬೆಳೆ ಗೊತ್ತುಮಾಡಿತು ಎನ್ನುವುದು ಹೇಗೆ? ನಿಜ, ಯಾವ ಒಂದು ದಿನವನ್ನೂ ಬೆಳೆ ಗೊತ್ತುಮಾಡಲಾರದು. ಆದರೆ ಹೊಡೆಗಟ್ಟುವುದರಿಂದ ಹಾಲುಗಾಳಿನ ತನಕದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದದ್ದು, ಬಿತ್ತನೆಯೂ ಮಳೆ ನೋಡಿಕೊಂಡು ವಾರಗಟ್ಟಲೆ ಜಗ್ಗುವಂಥದ್ದು. ಹನ್ನೆರಡು ಅಮಾವಾಸ್ಯೆಗಳಲ್ಲಿ ಆ ಅವಧಿಗೆ ಹೆಚ್ಚು ವರ್ಷ ಸರಿಹೊಂದುವುದು ಯಾವುದು ಎಂದು ಕೇಳಿದರೆ ಮಾರ್ಗಶಿರದ್ದೇ. ಪಂಚಾಂಗ ಕೊಟ್ಟ ದಿನಗಳ ಸಾಲಿನಿಂದ ತನಗೆ ಒಪ್ಪುವುದನ್ನು ರೈತ ಆರಿಸಿಕೊಂಡ, ಅಷ್ಟೆ.

ಇದೇ ಸೀಮೆಯ ಇನ್ನೊಂದು ಹಬ್ಬ ಈ ಮಾತಿಗೆ ಬೆಂಬಲವಾಗುತ್ತದೆ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುವ ಬತುಕಮ್ಮ ತೆಲಂಗಾಣದ ಹೆಂಗಸರ ಹಬ್ಬ. 2014ರಲ್ಲಿ ಹೊಸ ರಾಜ್ಯ ಅದನ್ನು ರಾಜ್ಯ ಹಬ್ಬವೆಂದು ಘೋಷಿಸಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಯಲಲ್ಲಿ ತಾನಾಗಿ ಅರಳುವ ತಂಗಡಿ ಹೂವು, ಗುನುಗು ಹೂವುಗಳನ್ನು ತಟ್ಟೆಯಲ್ಲಿ ಸುತ್ತಿ ಪೇರಿಸಿ, ಸುತ್ತ ಆಡಿ, ಕೊನೆಗೆ ತುಂಬಿದ ಕೆರೆಗೆ ಬಿಡಬೇಕು. ಹೂವು ಬೇಕು, ಕೆರೆ ಬೇಕು. ಕೆಂಪು ಮಣ್ಣಿನ ಕೆರೆ ಸೀಮೆಗೆ ಹೇಳಿ ಮಾಡಿಸಿದ ಹಬ್ಬ. ದಸರೆಯ ಬನ್ನಿಯಾದರೋ ಎರಡೂ ಕಡೆ ಇದೆ, ಎಲೆಯನ್ನು ಬಂಗಾರವೆಂದು ಕೊಡುವ ರೂಢಿಯೂ ಎರಡೂ ಕಡೆ ಇದೆ, ಹಾಗಾಗಿ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಆದರೆ ಶರತ್ತಿನಲ್ಲಿ ಕೆರೆಯ ಹಬ್ಬ, ಚಳಿಗಾಲದಲ್ಲಿ ಎರಿ ಹೊಲದ ಹಬ್ಬ, ಎರಡೂ ಸಿಗುವುದು ಎರಡು ಮಣ್ಣು ಕೂಡುವ ಕೊಡಂಗಲ್ಲಿನಂಥ ಸೀಮೆಯಲ್ಲಿಯೇ. ಸರ್ಕಾರದ ಹಣ, ಪ್ರಚಾರ, ಟಿವಿ ಎಲ್ಲವೂ ಒಂದರ ಬೆನ್ನಿಗಿವೆ. ಇನ್ನೊಂದು ತನ್ನ ಪಾಡಿಗೆ ತಾನು ನಡೆದಿದೆ.

ಬೆಳೆಯೇ ಹಬ್ಬದ ಬೇರಾದರೆ, ಬೆಳೆ ಹೋದ ಮೇಲೆ ಹಬ್ಬವೂ ಹೋಗಬೇಕಲ್ಲ? ಜೋಳದ ಹೊಲಗಳು ಕಡಿಮೆಯಾಗಿವೆ. ತೊಗರಿ, ಹತ್ತಿ, ಸೋಯಾ, ಜಹೀರಾಬಾದ್ ಕಡೆ ಕಬ್ಬು ಆ ಜಾಗಕ್ಕೆ ಬಂದಿವೆ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರ ಕೊನೆಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ಸೀಮೆಯ ಬಿಳಿಜೋಳವನ್ನು ಮಾತ್ರ ಹೀಗೆ ಯಾರೂ ಕೊಂಡಾಡುತ್ತಿಲ್ಲ. ಹಬ್ಬ ಇನ್ನೂ ನಿಂತಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ನಿಂತಿರುವ ರೀತಿ ಬದಲಾಗಿದೆ. ಎಮ್ಮೆ ಎತ್ತುಗಳು ಇಲ್ಲದ ಮನೆಯವರು ಕಾರಿನಲ್ಲಿ ಹೋಗುತ್ತಾರೆ, ಭಜ್ಜಿಯ ಕಾಳು ಸಂತೆಯಿಂದ ಬರುತ್ತದೆ, ಕೊಂಪಿಗೆ ದಂಟನ್ನು ಪಕ್ಕದ ಹೊಲದಿಂದ ತರಬೇಕು. ಹಬ್ಬ ಬೆಳೆಯ ನಂತರವೂ ಒಂದು ತಲೆಮಾರು ಬದುಕುತ್ತದೆ, ವನಭೋಜನವಾಗಿ. ಅದಕ್ಕೂ ಮುಂದೆ ಬದುಕಬೇಕಾದರೆ ಹೊಲದಲ್ಲಿ ಏನಾದರೂ ಉಳಿಯಬೇಕು. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರ ಸಂಘಗಳು ಇದನ್ನು ವಿದ್ವಾಂಸರಿಗಿಂತ ಮೊದಲೇ ಅರಿತವು. ಜೋಳ, ಸಜ್ಜೆ, ನವಣೆ, ಕಾಳುಗಳನ್ನು ಕೂಡಿಸಿ ಬೆಳೆಯುವುದು, ಬೀಜವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು, ಸಂಕ್ರಾಂತಿಯ ಹೊತ್ತಿಗೆ ಆ ಬೀಜಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ ಊರೂರಿಗೆ ಹಳೆ ಬೆಳೆಗಳ ಜಾತ್ರೆ ಒಯ್ಯುವುದು ಅವರ ದಾರಿ. ಹಬ್ಬವನ್ನು ಉಳಿಸಿ ಎಂಬ ಭಾಷಣಕ್ಕಿಂತ ಹಬ್ಬಕ್ಕೆ ಬೇಕಾದ ಕಾಳನ್ನು ಬಿತ್ತುವುದು ಹೆಚ್ಚು ಉಪಯೋಗದ ಕೆಲಸ.

ಲಾತೂರಿನಲ್ಲಿ ಈ ದಿನಕ್ಕೆ ಜಿಲ್ಲಾಡಳಿತ ಸ್ಥಳೀಯ ರಜೆ ಕೊಡುತ್ತದೆ. ವಿಕಾರಾಬಾದ್, ಮತ್ತು ಜಹೀರಾಬಾದ್ ನಾರಾಯಣಖೇಡಗಳು ಈಗಿರುವ ಸಂಗಾರೆಡ್ಡಿ, ಈ ಎರಡು ಜಿಲ್ಲೆಗಳ ಆಡಳಿತವೂ ಗಡಿ ಮಂಡಲಗಳಿಗಾದರೂ ಅಷ್ಟು ಮಾಡಬೇಕು. ಅಲ್ಲಿಯ ಶಾಲೆಗಳ ಮೇಷ್ಟ್ರುಗಳು, ಕನ್ನಡ ಶಾಲೆಯವರೂ ತೆಲುಗು ಶಾಲೆಯವರೂ, ತಮ್ಮ ತಮ್ಮ ಊರಿನ ಭಜ್ಜಿಗೆ ಏನೇನು ಬೀಳುತ್ತದೆ, ಚರಗದ ಕೂಗು ಹೇಗಿದೆ, ಯಾವ ಹೊಲದಲ್ಲಿ ಇನ್ನೂ ಬಿಳಿಜೋಳ ಇದೆ ಎಂದು ಮಕ್ಕಳ ಕೈಯಿಂದಲೇ ಬರೆಸಿ ಇಡಲಿ.